ಉಸಿರಿನ ದಾರಿ: ಯಾವ ಸಾಧನ, ಯಾರ ಕೈಗೆ?

ಇದೇ ಕಾಲೇಜಿನಲ್ಲಿ ಪಿಯುಸಿ ಮುಗಿಸಿ ನಾನೀಗ ಬಿ.ಎಸ್ಸಿ. ಎಮರ್ಜೆನ್ಸಿ ಆ್ಯಂಡ್ ಟ್ರಾಮಾ ಕೇರ್ ಓದುತ್ತಿದ್ದೇನೆ. ನೀಟ್ ಬಿಟ್ಟರೆ ಬೇರೆ ದಾರಿಯಿಲ್ಲ ಎಂದುಕೊಂಡಿರುವ ತಮ್ಮ ತಂಗಿಯರು ಈ ಕೋರ್ಸಿನಲ್ಲಿ ಏನು ಕಲಿಸುತ್ತಾರೆಂದು ಕೇಳುತ್ತಿರುತ್ತಾರೆ. ಅದರಲ್ಲಿ ಒಂದು ಪಾಠ ಇದು.

ಪ್ರಜ್ಞೆ ತಪ್ಪಿ ಅಂಗಾತ ಬಿದ್ದವರ ನಾಲಿಗೆ ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚಬಹುದು. ಆಮ್ಲಜನಕವಿಲ್ಲದೆ ಮೆದುಳು ತಾಳುವುದು ಕೆಲವೇ ನಿಮಿಷ. ಆಗ ಶ್ವಾಸನಾಳಕ್ಕೆ ಟ್ಯೂಬ್ ಇಳಿಸುವುದೇ ಇಂಟ್ಯೂಬೇಷನ್. ಕಷ್ಟವೇನೆಂದರೆ, ಅನ್ನನಾಳ ಅದರ ಹಿಂದೆಯೇ ಇದೆ. ದಾರಿ ತಪ್ಪಿದರೆ ಗಾಳಿ ಹೊಟ್ಟೆಗೆ ಹೋಗುತ್ತದೆ.

ಹಳೆಯ ಸಾಧನ ಲಾರಿಂಗೋಸ್ಕೋಪ್. ರಾಬರ್ಟ್ ಮ್ಯಾಕಿಂಟೋಷ್ 1943ರಲ್ಲಿ ಪರಿಚಯಿಸಿದ ಬಾಗಿದ ಬ್ಲೇಡನ್ನೇ ಇಂದಿಗೂ ಬಳಸುತ್ತೇವೆ. ಎಡಗೈಯಲ್ಲಿ ಹಿಡಿದು, ನಾಲಿಗೆಯನ್ನು ಎಡಕ್ಕೆ ಸರಿಸಿ, ಮುಂದಕ್ಕೂ ಮೇಲಕ್ಕೂ ಎತ್ತಬೇಕು. ಮೇಲಿನ ಹಲ್ಲಿನ ಮೇಲೆ ಊರಿ ಮೀಟಿದರೆ ಹಲ್ಲು ಮುರಿಯುತ್ತದೆ. ಧ್ವನಿತಂತುಗಳು ಕಂಡಾಗ ಅವುಗಳ ನಡುವೆ ಟ್ಯೂಬ್ ಇಳಿಸಬೇಕು. ಮ್ಯಾನಿಕಿನ್ ಗೊಂಬೆಯಲ್ಲಿ ಇದು ಸುಲಭ. ಗೊಂಬೆ ವಾಂತಿ ಮಾಡಿಕೊಳ್ಳುವುದಿಲ್ಲವಲ್ಲ!

ವಿಡಿಯೊ ಲಾರಿಂಗೋಸ್ಕೋಪಿನ ಬ್ಲೇಡಿನಲ್ಲಿ ಕ್ಯಾಮೆರಾ ಇರುತ್ತದೆ. ಕಲಿಯುವವರು ಕಂಡದ್ದನ್ನೇ ಕಲಿಸುವವರೂ ಪರದೆಯಲ್ಲಿ ನೋಡಿ ತಿದ್ದಬಹುದು. ಆದರೆ ಬೆಲೆ ಹೆಚ್ಚು, ರಕ್ತವೋ ವಾಂತಿಯೋ ಮೆತ್ತಿದರೆ ಕ್ಯಾಮೆರಾ ಕುರುಡು. ಚಿತ್ರ ಚೆನ್ನಾಗಿ ಕಂಡರೂ ಟ್ಯೂಬ್ ಆ ತಿರುವಿನಲ್ಲಿ ಹೋಗದಿರುವುದೂ ಉಂಟು.

ನನಗೆ ಮೆಚ್ಚಿಗೆಯಾದದ್ದು ಬೂಜಿ. ತುದಿ ಸ್ವಲ್ಪ ಬಾಗಿದ, ಬಳುಕುವ ಸಣ್ಣ ಕಡ್ಡಿ, ಅಷ್ಟೆ. ಅದನ್ನು ಮೊದಲು ಇಳಿಸಿ, ಅದರ ಮೇಲೆ ಟ್ಯೂಬ್ ಜಾರಿಸುತ್ತೇವೆ. ಶ್ವಾಸನಾಳದ ಮೃದ್ವಸ್ಥಿಯ ಉಂಗುರಗಳು ತುದಿಗೆ ತಾಗುವುದು ಎಷ್ಟೋ ಸಲ ಬೆರಳಿಗೇ ತಿಳಿಯುತ್ತದೆ.

ಐ-ಜೆಲ್‌ಗೆ ಇಣುಕಿ ನೋಡುವ ಕೆಲಸವೇ ಇಲ್ಲ. ಬಾಯಿಂದ ಜಾರಿಸಿದರೆ ಧ್ವನಿಪೆಟ್ಟಿಗೆಯ ಮೇಲೆ ಕೂರುತ್ತದೆ. ವಾಂತಿ ಶ್ವಾಸಕೋಶಕ್ಕೆ ಇಳಿಯದಂತೆ ಟ್ಯೂಬಿನಷ್ಟು ಅದು ತಡೆಯದು. ಆದರೂ ಇಂಗ್ಲೆಂಡಿನ ಏರ್‌ವೇಸ್-2 ಅಧ್ಯಯನ ನೋಡಿ. ಆಸ್ಪತ್ರೆಯ ಹೊರಗೆ ಹೃದಯ ನಿಂತ 9,296 ರೋಗಿಗಳ ಈ ವರದಿ 2018ರಲ್ಲಿ ಬಂತು. ಎರಡು ಪ್ರಯತ್ನದೊಳಗೆ ಉಸಿರು ಕೊಡಲು ಸಾಧ್ಯವಾದದ್ದು ಐ-ಜೆಲ್‌ನಲ್ಲಿ 87.4%, ಟ್ಯೂಬಿನಲ್ಲಿ 79%. ಚೆನ್ನಾಗಿ ಚೇತರಿಸಿಕೊಂಡವರು ಕ್ರಮವಾಗಿ 6.4% ಮತ್ತು 6.8%, ಗಣನೀಯ ವ್ಯತ್ಯಾಸವಿಲ್ಲ.

ಹಾಗಾಗಿ ಹೊಸಬರ ಕೈಗೆ ಮೊದಲು ಬ್ಯಾಗ್-ಮಾಸ್ಕ್, ನಂತರ ಐ-ಜೆಲ್ ಎಂಬುದು ನನ್ನ ಅಭಿಪ್ರಾಯ. ಟ್ಯೂಬ್ ಬೇಡವೆಂದಲ್ಲ, ಮುಖ ಸುಟ್ಟು ಗಂಟಲು ಊದುತ್ತಿರುವವರಿಗೆ ಐ-ಜೆಲ್ ಸಾಲದು. ಯಾವುದನ್ನೇ ಹಾಕಲಿ, ಕ್ಯಾಪ್ನೋಗ್ರಫಿಯಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡಿನ ಅಲೆ ಕಾಣಬೇಕು. ಟ್ಯೂಬ್ ಇಳಿಸಿದ ಮೇಲೆ ಗೆರೆ ಚಪ್ಪಟೆಯಾಗಿಯೇ ಇದ್ದರೆ ಅದು ಅನ್ನನಾಳದಲ್ಲಿದೆ ಎಂದೇ ತಿಳಿದು ತೆಗೆದು, ಮತ್ತೆ ಬ್ಯಾಗ್-ಮಾಸ್ಕಿನಿಂದ ಉಸಿರು ಕೊಡುತ್ತೇವೆ.