ಗಣಕ ಕೌಶಲ್ಯಕ್ಕೆ ಅಂತರ್ಜಾಲದ ಪಾಠಗಳು: ವರ್ತಕರು ಆರಿಸಿಕೊಳ್ಳುವ ಬಗೆ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಕಾಫಿ, ಮೆಣಸು, ಏಲಕ್ಕಿ ವರ್ತಕರ ಮಳಿಗೆಗಳಿಗೆ ಗಣಕಯಂತ್ರವು ಹೊಸತೇನಲ್ಲ. ಆದರೆ ಅನೇಕ ಮಳಿಗೆಗಳಲ್ಲಿ ಅದನ್ನು ಬಲ್ಲವರು ಒಬ್ಬರೇ ಇರುತ್ತಾರೆ. ಆ ಗುಮಾಸ್ತರು ಹಂಗಾಮಿನ ನಡುವೆ ಕೆಲಸ ಬಿಟ್ಟರೆ ದಾಸ್ತಾನಿನ ಲೆಕ್ಕವೂ ಬೆಳೆಗಾರರ ಬಟವಾಡೆಯೂ ಒಟ್ಟಿಗೇ ನಿಲ್ಲುತ್ತವೆ. ಆದ್ದರಿಂದ ಮನೆಯ ಮಕ್ಕಳಿಗೋ ಮತ್ತೊಬ್ಬ ನೌಕರರಿಗೋ ಈ ವಿದ್ಯೆಯನ್ನು ಕಲಿಸಬೇಕೆಂಬ ಆಲೋಚನೆ ಸಹಜವಾಗಿದೆ. ಬಿಸಿಲೆ ಘಾಟಿಯ ದಾರಿಯಲ್ಲಿರುವ ವನಗೂರಿನಂಥ ಊರಿನಿಂದ ನಿತ್ಯವೂ ಹಾಸನಕ್ಕೆ ಹೋಗಿ ತರಗತಿಯಲ್ಲಿ ಕುಳಿತು ಬರುವುದು ವ್ಯಾಪಾರಸ್ಥರಿಗೆ ಆಗದ ಮಾತು. ಹೀಗಾಗಿ ಅಂತರ್ಜಾಲದ ಪಾಠಗಳೇ ಉಳಿದ ದಾರಿ. ಅಲ್ಲಿಯೋ ಪಾಠಗಳ ಕೊರತೆಯಿಲ್ಲ, ಆರಿಸುವುದೇ ಕಷ್ಟ.

ಕೆಲಸ ಮೊದಲು, ಪಾಠ ಆಮೇಲೆ

"ಕಂಪ್ಯೂಟರ್ ಕಲಿಯಬೇಕು" ಅಥವಾ "ಕೋಡಿಂಗ್ ಕಲಿಯಬೇಕು" ಎಂದು ಹೊರಟವರು ಬಹುತೇಕ ನಡುವೆಯೇ ಕೈಬಿಡುತ್ತಾರೆ. ಮಳಿಗೆಯಲ್ಲಿ ಯಾವ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿದೆ, ಎಲ್ಲಿ ತಪ್ಪು ನುಸುಳುತ್ತಿದೆ ಎಂಬುದನ್ನು ಮೊದಲು ಒಂದು ಕಾಗದದಲ್ಲಿ ಬರೆದುಕೊಳ್ಳುವುದು ಉತ್ತಮ. ಚೆರಿ ಕಾಫಿಯ ಖರೀದಿಯನ್ನೇ ನೋಡಬಹುದು. 50 ಕೆ.ಜಿ. ಮೂಟೆಯೊಂದರಿಂದ ಎಷ್ಟು ಕೆ.ಜಿ. ಶುದ್ಧ ಬೀಜ ದೊರೆಯುವುದೆಂಬ ಓ.ಟಿ. ಅಂಕಿಯನ್ನು ಆ ದಿನದ ದರದಿಂದ ಗುಣಿಸಿ ಮೂಟೆಯ ಬೆಲೆ ಕಟ್ಟುತ್ತಾರೆ. ದರ ಕೆ.ಜಿ.ಗೆ 400 ರೂಪಾಯಿ, ಓ.ಟಿ. 26.5 ಎಂದಿಟ್ಟುಕೊಂಡರೆ ಮೂಟೆಗೆ 10,600 ರೂಪಾಯಿ. ಬರೆಯುವವರ ಕೈತಪ್ಪಿ 25.6 ಎಂದಾದರೆ ಅದು 10,240 ಆಗುತ್ತದೆ. ಮೂಟೆಗೆ 360 ರೂಪಾಯಿಯಂತೆ 80 ಮೂಟೆಗಳಿಗೆ 28,800 ರೂಪಾಯಿ ವ್ಯತ್ಯಾಸ. ಹಣಕ್ಕಿಂತಲೂ ಹೆಚ್ಚಾಗಿ, ಬೆಳೆಗಾರರ ವಿಶ್ವಾಸ ಕೆಡುವ ಸಂಗತಿಯಿದು.

ಈ ತಪ್ಪನ್ನು ತಡೆಯಲು ಪ್ರೋಗ್ರಾಮಿಂಗ್ ಪಾಂಡಿತ್ಯ ಬೇಕಿಲ್ಲ. ಎಕ್ಸೆಲ್ ಅಥವಾ ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ಕ್ಯಾಲ್ಕ್ ತಂತ್ರಾಂಶದಲ್ಲಿ ಸೂತ್ರ ಬರೆಯುವುದು, ಷರತ್ತು ಹಾಕುವುದು, ಒಂದು ಪಟ್ಟಿಯಿಂದ ಇನ್ನೊಂದಕ್ಕೆ ವಿವರ ಹುಡುಕಿ ತರುವುದು, ನಿಗದಿತ ಮಿತಿಯ ಹೊರಗಿನ ಅಂಕಿಯನ್ನು ಯಂತ್ರವೇ ತಿರಸ್ಕರಿಸುವಂತೆ ಮಾಡುವುದು, ಇಷ್ಟು ಬಂದರೆ ಸಾಕು. ಜೊತೆಗೆ ಪರೀಕ್ಷೆಯ ಓ.ಟಿ. ಅಂಕಿಯನ್ನು ಎರಡು ಕಡೆ ನಮೂದಿಸಿ ತಾಳೆ ನೋಡುವ ಏರ್ಪಾಡನ್ನೂ ಮಾಡಿಕೊಳ್ಳಬೇಕು, ಏಕೆಂದರೆ 25.6 ಕೂಡ ಮಿತಿಯೊಳಗಿನ ಅಂಕಿಯೇ. ನೂರಾರು ಕಡತಗಳನ್ನು ಒಂದುಗೂಡಿಸುವ, ಪ್ರತಿ ತಿಂಗಳೂ ಅದೇ ವರದಿ ತಯಾರಿಸುವ ಕೆಲಸ ಬಂದಾಗ ಮಾತ್ರ ಪೈಥಾನ್‌ನಂಥ ಭಾಷೆಯ ಅಗತ್ಯ ತಲೆದೋರುತ್ತದೆ. ಜಾಲತಾಣ ರಚನೆ ಕಲಿಯಲು ಹೊರಡುವ ಸಣ್ಣ ಕೈಗಾರಿಕೋದ್ಯಮಿಗಳು ಮೊದಲು ದಾಸ್ತಾನು ಲೆಕ್ಕವನ್ನು ಸರಿಪಡಿಸಿಕೊಳ್ಳುವುದು ಲೇಸು.

ಕನ್ನಡದಲ್ಲಿ ಲಭ್ಯವಿರುವುದು

ಮುಂಬಯಿಯ ಐಐಟಿ ನಡೆಸುವ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಈ ಭಾಗದ ಕಲಿಯುವವರಿಗೆ ಮೊದಲ ಆಯ್ಕೆಯಾಗಲು ಯೋಗ್ಯವಾಗಿದೆ. ಕೇಂದ್ರ ಸರ್ಕಾರದ ನೆರವಿನಿಂದ ಬೆಳೆದ ಈ ಯೋಜನೆಯ ಪಾಠಗಳು ಉಚಿತ. ಒಂದೊಂದು ಪಾಠವೂ ಸುಮಾರು ಹತ್ತು ನಿಮಿಷದ್ದು. ಪರದೆಯ ಮೇಲಿನ ತಂತ್ರಾಂಶ ಇಂಗ್ಲಿಷಿನಲ್ಲೇ ಇದ್ದು, ವಿವರಣೆಯ ಧ್ವನಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿದೆ. ಈ ಜೋಡಣೆ ಉಪಯುಕ್ತ: ಕೆಲಸದಲ್ಲಿ ಎದುರಾಗುವ ಗುಂಡಿಗಳ ಹೆಸರು ಇಂಗ್ಲಿಷಿನಲ್ಲೇ ಇರುವುದರಿಂದ ಅವು ಪರಿಚಯವಾಗುತ್ತವೆ, ಕಾರಣ ಮಾತ್ರ ಕನ್ನಡದಲ್ಲಿ ತಿಳಿಯುತ್ತದೆ. ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ತಂತ್ರಾಂಶ ತೆರೆದಿಟ್ಟು, ಪಾಠ ನಿಲ್ಲಿಸಿ ತಾನೂ ಮಾಡುತ್ತ ಹೋಗುವುದು ಅದರ ಪದ್ಧತಿ.

ಈ ಪಾಠಗಳನ್ನು ಇಳಿಸಿಕೊಂಡು ಅಂತರ್ಜಾಲವಿಲ್ಲದೆಯೂ ನೋಡಬಹುದು. ಮಳೆಗಾಲದಲ್ಲಿ ವಿದ್ಯುತ್ತೂ ಸಂಪರ್ಕವೂ ಮೇಲಿಂದ ಮೇಲೆ ಕೈಕೊಡುವ ಗುಡ್ಡಗಾಡಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಸಕಲೇಶಪುರ ಪೇಟೆಗೆ ಬಂದಾಗ ಒಂದು ಪೆನ್ ಡ್ರೈವ್‌ಗೆ ತುಂಬಿಕೊಂಡರೆ ವಾರಗಟ್ಟಲೆ ಕಲಿಯಬಹುದು. ನೇರಪ್ರಸಾರದ ತರಗತಿಗಳನ್ನೇ ನೆಚ್ಚುವ ಕೋರ್ಸುಗಳನ್ನು ಇಲ್ಲಿನವರು ಆರಿಸುವ ಮುನ್ನ ಎರಡು ಬಾರಿ ಯೋಚಿಸಬೇಕು.

ಇದಕ್ಕಿಂತ ಮೇಲ್ಮಟ್ಟದ ಕಲಿಕೆಗೆ ಐಐಟಿಗಳು ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಇದೆ. ಕೇಂದ್ರ ಸರ್ಕಾರದ ಸ್ವಯಂ ವೇದಿಕೆ 2017ರಲ್ಲಿ ಬಂದಿತು. ಎರಡರಲ್ಲಿಯೂ ಪಾಠ ಉಚಿತ, ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಆದರೆ ಇವು ಬಹುಮಟ್ಟಿಗೆ ಕಾಲೇಜು ವಿದ್ಯಾರ್ಥಿಗಳಿಗಾಗಿ ರೂಪಿಸಿದ ಉಪನ್ಯಾಸಗಳು. ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಸರಿ, ಮಳಿಗೆಯ ಗುಮಾಸ್ತರಿಗೆ ಭಾರ. ಇಂಗ್ಲಿಷ್ ಬಲ್ಲ ಯುವಕರಿಗೆ 2014ರಲ್ಲಿ ಆರಂಭವಾದ ಫ್ರೀಕೋಡ್‌ಕ್ಯಾಂಪ್ ಕೂಡ ಉಚಿತವೇ. ಅದರಲ್ಲಿ ಕೇಳುವುದಕ್ಕಿಂತ ಮಾಡುವುದು ಹೆಚ್ಚು.

ಪಾಠದ ವಯಸ್ಸು ನೋಡಬೇಕು

ಅಂತರ್ಜಾಲದಲ್ಲಿ ಹಳೆಯ ಪಾಠ ಅಳಿಯುವುದಿಲ್ಲ, ಹೊಸದರ ಪಕ್ಕದಲ್ಲೇ ಕುಳಿತಿರುತ್ತದೆ. ಟ್ಯಾಲಿ ಸಂಸ್ಥೆಯು 2020ರ ನವೆಂಬರ್‌ನಲ್ಲಿ ಟ್ಯಾಲಿಪ್ರೈಮ್ ಹೊರತಂದಿತು. ಅದಕ್ಕೆ ಮುಂಚಿನ ಇಆರ್‌ಪಿ 9ರ ಪಾಠ ನೋಡಿ ಇಂದಿನ ಪರದೆಯ ಮುಂದೆ ಕುಳಿತವರಿಗೆ ಹೇಳಿದ ಗುಂಡಿ ಹೇಳಿದ ಜಾಗದಲ್ಲಿ ಸಿಗುವುದಿಲ್ಲ. 2017ರ ಜುಲೈ 1ಕ್ಕೆ ಮೊದಲಿನ ಪಾಠಗಳಲ್ಲಿ ಜಿಎಸ್‌ಟಿಯೇ ಇಲ್ಲ, ವ್ಯಾಟ್ ಇದೆ. 2025ರ ಸೆಪ್ಟೆಂಬರ್ 22ಕ್ಕೆ ಮೊದಲಿನವುಗಳಲ್ಲಿ ಶೇ. 12 ಮತ್ತು ಶೇ. 28ರ ಹಂತಗಳು ಹಾಗೆಯೇ ಉಳಿದಿವೆ. ತೆರಿಗೆಗೆ ಸಂಬಂಧಿಸಿದ ಪಾಠದಿಂದ ವಿಧಾನವನ್ನು ಕಲಿಯಬೇಕೇ ಹೊರತು ದರವನ್ನಲ್ಲ.

ಎಕ್ಸೆಲ್ ಕಲಿಯುವವರೂ ತಮ್ಮ ಯಂತ್ರದಲ್ಲಿರುವ ಆವೃತ್ತಿಯನ್ನು ಮೊದಲು ನೋಡಿಕೊಳ್ಳಬೇಕು. ಎಕ್ಸ್‌ಲುಕ್‌ಅಪ್ ಎಂಬ ಜನಪ್ರಿಯ ಸೂತ್ರವು ಎಕ್ಸೆಲ್ 2016 ಮತ್ತು 2019ರಲ್ಲಿ ಇಲ್ಲ, ಅಲ್ಲಿ ವಿಲುಕ್‌ಅಪ್‌ನಿಂದಲೇ ಕೆಲಸ ನಡೆಸಬೇಕು. ಪೈಥಾನ್‌ನ 2ನೇ ಆವೃತ್ತಿಗೆ ಬೆಂಬಲ 2020ರ ಜನವರಿ 1ರಂದು ನಿಂತಿತು. ಅದರ ಪಾಠದಲ್ಲಿರುವ ಮೊದಲ ಸಾಲೇ ಇಂದಿನ ಆವೃತ್ತಿಯಲ್ಲಿ ದೋಷ ತೋರಿಸಬಹುದು. ಕಲಿಯುವವರು ತಮಗೇ ತಲೆಗೆ ಹತ್ತುತ್ತಿಲ್ಲವೆಂದು ಬೇಸರಿಸುತ್ತಾರೆ. ತಪ್ಪು ಪಾಠದ ವಯಸ್ಸಿನದು.

ಹೊರಗಿನ ಯಾವ ಕೋರ್ಸೂ ಹೇಳಿಕೊಡದ ಒಂದು ಸಂಗತಿ ಇಲ್ಲಿದೆ. ಬೆಳೆಗಾರರ ಹೆಸರುಗಳನ್ನು ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ನಮೂದಿಸಿಟ್ಟವರು ಬಹಳ ಮಂದಿ. ಯೂನಿಕೋಡ್ ಅಲ್ಲದ ಆ ಅಕ್ಷರಗಳು ಫಾಂಟ್ ಬದಲಾದೊಡನೆ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ, ಅಕಾರಾದಿಯಾಗಿ ಜೋಡಣೆಯಾಗುವುದಿಲ್ಲ. ಪಟ್ಟಿಯನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡ ಮೇಲೆಯೇ ಕಲಿಕೆ ಆರಂಭಿಸುವುದು ಜಾಣತನ.

ಹಣ ಕಟ್ಟುವ ಮುನ್ನ

ಹಣ ಪಡೆಯುವ ಕೋರ್ಸುಗಳೆಲ್ಲ ಕೆಟ್ಟವೆಂದಲ್ಲ. ಅಭ್ಯಾಸವನ್ನು ತಿದ್ದುವ, ಸಂದೇಹಕ್ಕೆ ಉತ್ತರಿಸುವ ವ್ಯಕ್ತಿಯೊಬ್ಬರು ಇರುವುದಾದರೆ ಶುಲ್ಕ ಸಾರ್ಥಕ. ಬರಿಯ ವಿಡಿಯೊ ಸಂಗ್ರಹಕ್ಕೆ ದೊಡ್ಡ ಮೊತ್ತ ಕೊಡಬೇಕಾಗಿಲ್ಲ. ಉದ್ಯೋಗದ ಭರವಸೆ ನೀಡಿ, ಸಾಲದ ಕಂತುಗಳಲ್ಲಿ ಶುಲ್ಕ ತುಂಬಿಸುವ ಪದ್ಧತಿಯ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಕೇಂದ್ರ ಶಿಕ್ಷಣ ಸಚಿವಾಲಯವೇ 2021ರ ಡಿಸೆಂಬರ್‌ನಲ್ಲಿ ಇಂಥ ಸಂಸ್ಥೆಗಳ ಕುರಿತು ಪೋಷಕರಿಗೆ ಸಲಹಾಪತ್ರ ಹೊರಡಿಸಿ, ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಒಪ್ಪಿಗೆಯನ್ನು ಕೊಡದಿರುವಂತೆಯೂ, ಯಶೋಗಾಥೆಗಳನ್ನು ಪರಿಶೀಲಿಸದೆ ನಂಬದಿರುವಂತೆಯೂ ತಿಳಿಸಿತು. ತಿಂಗಳ ಚಂದಾ ಕಟ್ಟಿದವರಿಗೆ ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕಿನಿಂದ ಸೂಚನೆ ಬರಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಸಂದೇಶವನ್ನು ಓದದೆ ಅಳಿಸಬಾರದು.

ವಾಣಿಜ್ಯ ತರಬೇತಿಗೆ ಶೇ. 18ರ ಜಿಎಸ್‌ಟಿ ಇರುವುದರಿಂದ, ನೋಂದಾಯಿತ ವರ್ತಕರು ವ್ಯವಹಾರದ ಸಲುವಾಗಿ ನೌಕರರಿಗೆ ಕೋರ್ಸು ಕೊಳ್ಳುವಾಗ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನೀಡಿ ತೆರಿಗೆ ರಸೀದಿ ಪಡೆಯಬೇಕು. ಹೂಡುವಳಿ ತೆರಿಗೆ ಜಮೆ ದೊರೆಯುವುದೇ ಎಂಬುದನ್ನು ತಮ್ಮ ಲೆಕ್ಕಪರಿಶೋಧಕರಿಂದ ಖಚಿತಪಡಿಸಿಕೊಳ್ಳಬಹುದು. ಹುರಿಯದ ಕಾಫಿ ಬೀಜದಂಥ ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರಿಗೂ, ಶೇ. 5ರ ತೆರಿಗೆಯುಳ್ಳ ಒಣಮೆಣಸು ಕಾಳನ್ನೂ ಮಾರುವವರಿಗೂ ಇದರಲ್ಲಿ ವ್ಯತ್ಯಾಸವಿದೆ.

ಅಭ್ಯಾಸಕ್ಕೆ ಮಳಿಗೆಯ ಅಸಲಿ ಖಾತೆಯನ್ನು ಬಳಸಬಾರದು. ಅದರ ಪ್ರತಿ ತೆಗೆದು, ಹೆಸರು, ದೂರವಾಣಿ, ಬ್ಯಾಂಕ್ ವಿವರಗಳನ್ನು ಅಳಿಸಿ ಬಳಸಬೇಕು. ಪಾಠದ ನೆಪದಲ್ಲಿ ಕಡತವನ್ನು ಅಪರಿಚಿತ ಜಾಲತಾಣಕ್ಕೆ ಏರಿಸುವುದೂ, ಕೋರ್ಸಿನೊಡನೆ ಬರುವ ಕಳ್ಳಪ್ರತಿ ತಂತ್ರಾಂಶವನ್ನು ಲೆಕ್ಕದ ಯಂತ್ರದಲ್ಲಿ ಅಳವಡಿಸುವುದೂ ಅಪಾಯಕಾರಿ.

ಆಯ್ಕೆ ನಿರ್ಧರಿಸಲು ಒಂದು ವಾರದ ಪರೀಕ್ಷೆ ಸಾಕಾಗುತ್ತದೆ. ಎರಡು ಮೂಲಗಳ ಮೊದಲ ಮೂರು ಪಾಠಗಳನ್ನು ನೌಕರರಿಗೆ ಕೊಟ್ಟು, ವಾರದ ಕೊನೆಗೆ ಕಳೆದ ಹಂಗಾಮಿನ ಹತ್ತು ಖರೀದಿ ಚೀಟಿಗಳನ್ನು ಪಾಠ ನೋಡದೆ ತಾವಾಗಿಯೇ ತಾಳೆಪಟ್ಟಿಗೆ ಏರಿಸುವಂತೆ ಹೇಳಬೇಕು. ಯಾವ ಮೂಲದಿಂದ ಕಲಿತದ್ದು ಆ ಚೀಟಿಗಳ ಮೇಲೆ ನಡೆಯಿತೋ ಅದನ್ನೇ ಮುಂದುವರಿಸಬಹುದು. ಕಾಫಿ ಕೊಯ್ಲು ಆರಂಭವಾಗುವ ಮುನ್ನ, ಮಳೆಗಾಲದ ಬಿಡುವಿನಲ್ಲಿ ಇದನ್ನು ಮಾಡಿಕೊಂಡರೆ ಅನುಕೂಲ. ಡಿಸೆಂಬರ್ ಬಂದ ಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ.