ಬೀಳು ಗದ್ದೆಗಳ ನಡುವೆ ಪಾದ್ರಿಗಳ ಬೇಸಾಯ

ಮಡಗಾಂವ್‌ನಲ್ಲಿ ಫೋಂಡಾ ಬಸ್ಸು ಹತ್ತಿ ರಾಯ್‌ನಲ್ಲಿ ಇಳಿದರೆ ರಸ್ತೆಯ ಎರಡೂ ಬದಿ ಹಸಿರು. ಜುಲೈ ಮಳೆಯಲ್ಲಿ ಗೋವಾ ಎಲ್ಲೆಲ್ಲೂ ಹಸಿರೇ, ಹಾಗಾಗಿ ಬಸ್ಸಿನ ಕಿಟಕಿಯಿಂದ ನೋಡಿದವರು ಮೋಸ ಹೋಗುತ್ತಾರೆ. ಬದುವಿಗೆ ಇಳಿದರೆ ಮಾತ್ರ ನಿಜ ತಿಳಿಯುವುದು: ಒಂದು ಗದ್ದೆಯಲ್ಲಿ ಭತ್ತ, ಪಕ್ಕದ ಎರಡರಲ್ಲಿ ಜೊಂಡು.

ಈ ಊರಿಗೆ ಭತ್ತದ ಅಭಿಮಾನ ಕಡಿಮೆಯೇನಲ್ಲ. ಮಂಗಳೂರು ಕಡೆಯವರಿಗೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ತೆನೆ ಹಬ್ಬ ಗೊತ್ತು. ರಾಯ್‌ನಲ್ಲಿ ಅದು ತಿಂಗಳು ಮೊದಲೇ, ಆಗಸ್ಟ್ 5ಕ್ಕೆ, ಕೊಣ್ಸಾಚೆಂ ಫೆಸ್ತ್ ಎಂಬ ಹೆಸರಿನಲ್ಲಿ ಬರುತ್ತದೆ. ಹಿಮದ ಮಾತೆಯ ಇಗರ್ಜಿಯವರು ಮೆರವಣಿಗೆಯಲ್ಲಿ ಗದ್ದೆಗೆ ಬಂದು ತೆನೆ ಕೊಯ್ದು ಪೂಜೆಗೆ ಒಯ್ಯುತ್ತಾರೆ. ಜನ ತಮ್ಮ ಪಾಲಿನ ತೆನೆಯನ್ನು ಮನೆಯ ಪೀಠದ ಮುಂದೆ ಇಡುತ್ತಾರೆ. (ಈ ಸೆಕೆಯ ನಾಡಿಗೆ ಹಿಮ ಎಲ್ಲಿಂದ ಬಂತು ಎಂದು ಕೇಳಬೇಡಿ. ರೋಮಿನ ಗುಡ್ಡವೊಂದರ ಮೇಲೆ ಆಗಸ್ಟಿನಲ್ಲಿ ಹಿಮ ಬಿದ್ದ ಐತಿಹ್ಯ ಅದು, ಪೋರ್ಚುಗೀಸರ ಜೊತೆ ಹಡಗೇರಿ ಬಂತು.) ಹಬ್ಬ ಹೀಗೆ ಗಟ್ಟಿಯಾಗಿ ಉಳಿದಿದ್ದರೂ ಗದ್ದೆ ಏಕೆ ಬೀಳು ಬಿತ್ತು?

ಕಾರಣ ಒಂದೇ ಅಲ್ಲ. ಇಲ್ಲಿನ ಬಹುಪಾಲು ಗದ್ದೆ ಒಂದು ಕಾಲದಲ್ಲಿ ಗಾಂವ್ಕಾರಿಯ, ಅಂದರೆ ಊರೊಟ್ಟಿನ ಸೊತ್ತು. ಪೋರ್ಚುಗೀಸರು ಅದನ್ನೇ ಕೊಮುನಿದಾದ್ ಎಂದರು. 1964ರ ಗೇಣಿ ಕಾಯ್ದೆಯೂ ಅದರ ಮುಂದಿನ ತಿದ್ದುಪಡಿಗಳೂ ಉಳುವವನಿಗೆ ಹಕ್ಕು ಕೊಟ್ಟವು, ನ್ಯಾಯವಾಗಿಯೇ. ಆದರೆ ಆ ಉಳುವವನ ಮಕ್ಕಳು ಹಡಗಿಗೆ, ಗಲ್ಫ್‌ಗೆ, ಪೋರ್ಚುಗೀಸ್ ಪಾಸ್‌ಪೋರ್ಟ್ ಹಿಡಿದು ಇಂಗ್ಲೆಂಡಿಗೆ ಹೋದರು. ಗೇಣುದ್ದದ ಗದ್ದೆಗೆ ಹತ್ತು ಮಂದಿ ವಾರಸುದಾರರು, ಅವರಲ್ಲಿ ಎಂಟು ಮಂದಿ ಊರಲ್ಲಿಲ್ಲ. ಕೂಲಿ ಕೊಟ್ಟು ನಾಟಿ ಮಾಡಿಸಿದರೆ ಅಂಗಡಿ ಅಕ್ಕಿಯೇ ಅಗ್ಗ.

ಆ ಕೂಲಿಯವರು ಯಾರೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಬದುವಿನ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಕೂತು ರೊಟ್ಟಿ ಬಿಚ್ಚುತ್ತಿದ್ದ ಹೆಂಗಸರ ಮಾತು ಕಿವಿಗೆ ಬಿದ್ದದ್ದೇ, “ಯಾ ಊರ್ರೀ ಅಕ್ಕಾರ?” ಎಂದೆ.

“ಗದಗ ಕಡೇದವ್ರರೀ.”

“ಊರಾಗ ಹೊಲ ಇಲ್ಲೇನ್ರಿ?”

“ಐತ್ರಿ ಎರಡ ಎಕರೆ. ಮಳಿ ನಂಬಿ ಕುಂತ್ರ ಆಗೂದಿಲ್ರಿ, ಇಲ್ಲಿ ವಾರಕ್ಕೊಮ್ಮಿ ಪಗಾರ ಕೈಗೆ ಬರತೈತಿ.”

ತಮ್ಮ ಹೊಲ ಬಿಟ್ಟು ಬಂದವರು ಇನ್ಯಾರೋ ಬಿಟ್ಟುಹೋದ ಗದ್ದೆಯಲ್ಲಿ ಸಸಿ ಊರುತ್ತಿದ್ದಾರೆ. ತರಕಾರಿಯ ಕಥೆಯೂ ಇದೇ. ಗೋವಾದ ಪೇಟೆಗೆ ಬೆಳಗಾವಿಯ ಲಾರಿ ಬಂದರೆ ಟೊಮೆಟೊ, ಬಾರದಿದ್ದರೆ ಇಲ್ಲ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಿದ್ದು ಗಡಿ ಬಂದಾದಾಗ ಕೈಯಲ್ಲಿ ದುಡ್ಡಿದ್ದವರೂ ತರಕಾರಿಗೆ ಪರದಾಡಿದರು. ಹಿತ್ತಲಲ್ಲಿ ನಾಲ್ಕು ಬದನೆ ಗಿಡ ಇಟ್ಟುಕೊಂಡಿದ್ದವರು ಆ ವಾರಗಳಲ್ಲಿ ಸಾಹುಕಾರರು.

ಅದೇ ರಸ್ತೆಯಲ್ಲಿ ಮುಂದೆ ಲೊಟಲಿ. ಹಳೆಯ ಹೆಂಚಿನ ಮನೆಗಳನ್ನು ನೋಡಲು ಪ್ರವಾಸಿಗರು ಬರುವ ಊರು. ನಾನು ಹುಡುಕಿ ಹೋದದ್ದು ಡಾನ್ ಬಾಸ್ಕೊದವರ ಕೃಷಿ ಯೋಜನೆಯನ್ನು. 1859ರಲ್ಲಿ ಇಟಲಿಯ ತುರಿನ್‌ನಲ್ಲಿ ಹುಟ್ಟಿದ ಅವರ ಸಲೇಶಿಯನ್ ಸಭೆ 1946ರಲ್ಲಿ ಗೋವಾಕ್ಕೆ ಬಂತು. ಶಾಲೆ, ಕಸುಬಿನ ತರಬೇತಿ, ಫುಟ್‌ಬಾಲ್ ಇವರ ಹೆಸರಿಗೆ ಅಂಟಿಕೊಂಡವು. ಭತ್ತ ಸೇರಿದ್ದು ಈಚೆಗೆ. ಫಾದರ್ ಜಾರ್ಜ್ ಕ್ವಾದ್ರೋಸ್ ಬೀಳು ಗದ್ದೆಗಳಿಗೆ ಯಂತ್ರ ಇಳಿಸುವ ಕೆಲಸ ಹಿಡಿದ ಮೇಲೆ, ‘ಗದ್ದೆಯ ಪಾದ್ರಿ’ ಎಂದರೆ ಗೋವಾದ ರೈತರಿಗೆ ಥಟ್ಟನೆ ನೆನಪಾಗುವ ಹೆಸರು ಅವರದೇ.

ಯಂತ್ರದ ನಾಟಿಯ ಗುಟ್ಟು ಇರುವುದು ಸಸಿಮಡಿಯಲ್ಲಿ. ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಜರಡಿ ಹಿಡಿದ ಮಣ್ಣನ್ನು ಬೆರಳಿನ ದಪ್ಪಕ್ಕೆ ಹರಡಿ, ಮೊಳಕೆ ಬಂದ ಬೀಜವನ್ನು ಒತ್ತಾಗಿ ಚೆಲ್ಲುತ್ತಾರೆ. ಎರಡು ವಾರ ದಾಟುವಷ್ಟರಲ್ಲಿ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಇಡೀ ಮಡಿಯನ್ನು ಚಾಪೆಯಂತೆ ಸುತ್ತಿ ಎತ್ತಬಹುದು. ಒಂದು ತುಂಡು ಕೈಯಲ್ಲಿ ಹಿಡಿದೆ: ಮೇಲೆ ಗೇಣಿನಷ್ಟು ಎಳೆ ಹಸಿರು, ಅಡಿಯಲ್ಲಿ ಬಿಳಿ ಬೇರಿನ ಜಾಲ, ಕೊಡವಿದರೂ ಮಣ್ಣು ಉದುರುವುದಿಲ್ಲ. ಆ ತುಂಡನ್ನು ನಾಟಿ ಯಂತ್ರದ ತಟ್ಟೆಗೆ ಜಾರಿಸಿದರೆ ಉಕ್ಕಿನ ಬೆರಳುಗಳು ಮೂರು ನಾಲ್ಕು ಸಸಿ ಕಿತ್ತು ಸಾಲಾಗಿ ಊರುತ್ತಾ ಹೋಗುತ್ತವೆ. ಹತ್ತು ಹನ್ನೆರಡು ಆಳು ದಿನವಿಡೀ ಬಾಗಿ ಮಾಡುವ ಎಕರೆ ನಾಟಿಯನ್ನು ಯಂತ್ರ ಒಂದೆರಡು ಗಂಟೆಯಲ್ಲಿ ಮುಗಿಸುತ್ತದೆ. ಕೊಯ್ಲಿಗೂ ಯಂತ್ರ.

ಆದರೆ ಯಂತ್ರಕ್ಕೆ ತುಂಡು ಗದ್ದೆ ಆಗಿಬರುವುದಿಲ್ಲ. ಹಾಗಾಗಿ ನಿಜವಾದ ಶ್ರಮ ಗದ್ದೆಗೆ ಇಳಿಯುವ ಮೊದಲಿನದು: ಅಕ್ಕಪಕ್ಕದ ವಾರಸುದಾರರನ್ನೆಲ್ಲ ಒಪ್ಪಿಸಿ ಒಂದೇ ಬಯಲಾಗಿ ಉಳುವುದು. ಮಾತುಬಿಟ್ಟ ದಾಯಾದಿಗಳೂ ಪಾದ್ರಿ ಕರೆದರೆ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಕೃಷಿ ಇಲಾಖೆ ಸಬ್ಸಿಡಿ ಕೊಡಬಹುದು, ಈ ಬೆಂಚನ್ನು ಎಲ್ಲಿಂದ ತರುತ್ತದೆ?

ಹಾಗೆಂದು ಎಲ್ಲ ಕಡೆ ಯಂತ್ರ ನಡೆಯುವುದಿಲ್ಲ. ಜುವಾರಿಯ ಅಂಚಿನ ಖಾಜನ್ ಗದ್ದೆಗಳ ಆಳದ ಕೆಸರಿನಲ್ಲಿ ಅದು ಹೂತುಹೋಗುತ್ತದೆ. ಅಲ್ಲಿ ಉಪ್ಪು ನೀರನ್ನು ತಡೆಯುವುದು ಮಣ್ಣಿನ ಕಟ್ಟೆ. ಭರತ ಏರಿದಾಗ ತಾನೇ ಮುಚ್ಚಿ, ಇಳಿದಾಗ ತಾನೇ ತೆರೆಯುವ ಮರದ ಬಾಗಿಲಿಗೆ ಮಾನಸ್ ಎನ್ನುತ್ತಾರೆ. ಕಟ್ಟೆ ಒಂದು ಕಡೆ ಒಡೆದರೂ ಸಾಕು, ಒಳಗಿನ ಗದ್ದೆಗೆಲ್ಲ ಉಪ್ಪು. ಉಪ್ಪು ತಾಳುವ ಕೊರ್ಗುಟ್ ಭತ್ತವನ್ನು ಹಿರಿಯರು ಉಳಿಸಿಕೊಂಡು ಬಂದದ್ದು ಇದಕ್ಕಾಗಿಯೇ. ಕಟ್ಟೆ ಕಾಯುವ ಗಾಂವ್ಕಾರಿ ಸಡಿಲವಾದ ಕಡೆ ಕಾಂಡ್ಲಾ ಗಿಡ ಗದ್ದೆಯೊಳಗೇ ಬೆಳೆದು ನಿಂತಿದೆ.

ಇಗರ್ಜಿಗೂ ನೆಲಕ್ಕೂ ಇರುವ ಹಳೆಯ ನಂಟು ಇಷ್ಟು ಹಿತವಾದದ್ದಲ್ಲ. ರಾಯ್, ಲೊಟಲಿಗಳಿರುವ ಇದೇ ಸಾಸಷ್ಟಿ ತಾಲೂಕಿನಲ್ಲಿ 1567ರಲ್ಲಿ ಪೋರ್ಚುಗೀಸರು ದೇವಸ್ಥಾನಗಳನ್ನು ಸುಟ್ಟರು, ಅವುಗಳ ಉಂಬಳಿಯ ಉತ್ಪನ್ನ ಇಗರ್ಜಿಯ ಪಾಲಾಯಿತು. 1583ರಲ್ಲಿ ಕುಂಕಳ್ಳಿಯ ಜನ ತಿರುಗಿಬಿದ್ದು ಐವರು ಜೆಸ್ವಿತರನ್ನು ಕೊಂದರು. ಸರ್ಕಾರ ಊರಿನ ಮುಖಂಡರನ್ನು ಮಾತುಕತೆಗೆಂದು ಅಸೊಳ್ಣೆ ಕೋಟೆಗೆ ಕರೆಸಿ ಕೊಂದಿತು, ನೆಲ ಕಿತ್ತುಕೊಂಡಿತು. ಆದರೆ ಗಿಡ ನೆಟ್ಟವರೂ ಪಾದ್ರಿಗಳೇ: ಗೋವಾದ ಕಸಿ ಮಾವಿನ ಹಿರಿಮೆಯನ್ನು ಜೆಸ್ವಿತರಿಗೆ ಕೊಡುವುದು ವಾಡಿಕೆ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡೇ ಇಲ್ಲಿ ತಿರುಗಾಡಬೇಕೆಂದು ನನಗೆ ಅನಿಸಿತು.

ಪಾದ್ರಿಗಳ ಬೇಸಾಯದ ಇನ್ನೊಂದು ಠಾವು ಸುಳ್ಕರ್ಣ. ಅಲ್ಲಿಗೆ ಹೋಗುವುದಾದರೆ ಸ್ವಂತ ಗಾಡಿ ಇದ್ದರೆ ಒಳ್ಳೆಯದು. ಕಾರವಾರದ ಕಡೆಯಿಂದ ಬರುವವರು ಕಾಣಕೋಣ ದಾಟಿ ಬಾಳ್ಳಿಯಲ್ಲಿ ಒಳಕ್ಕೆ ತಿರುಗಿ, ಕೆಪೆ, ರಿವಣ ಹಾದು ಬರಬೇಕು. ಗಣಿ ಧೂಳು ಕಂಡ ಸೀಮೆ ಇದು. ಕುಶಾವತಿ ನದಿ, ಸುತ್ತ ಕಾಡು, ಗೇರುಗುಡ್ಡ, ವೆಳಿಪ ಮತ್ತು ಗಾವಡಾ ಜನರ ವಾಡೆಗಳು. ಇಲ್ಲಿ ಸಲೇಶಿಯನ್ನರಿಗೆ ಮೊದಲಿಂದ ತೋಟವಿತ್ತು. 2015ರಲ್ಲಿ ಅಲ್ಲೇ ಡಾನ್ ಬಾಸ್ಕೊ ಕೃಷಿ ಕಾಲೇಜು ತೆರೆಯಿತು, ಗೋವಾದ ಮೊಟ್ಟಮೊದಲ ಕೃಷಿ ಕಾಲೇಜು. ಅಲ್ಲಿಯವರೆಗೆ ಬಿಎಸ್ಸಿ ಕೃಷಿ ಓದಬೇಕೆಂದರೆ ರಾಜ್ಯ ಬಿಟ್ಟು ಹೋಗಬೇಕಿತ್ತು. ನಮ್ಮ ಧಾರವಾಡಕ್ಕೋ, ಕೊಂಕಣದ ದಾಪೋಲಿಗೋ. ಈಗ ನಾಲ್ಕು ವರ್ಷದ ಪದವಿಯನ್ನು ಗೋವಾ ವಿಶ್ವವಿದ್ಯಾಲಯದ ಅಡಿಯಲ್ಲಿ ಇಲ್ಲೇ ಓದಬಹುದು. ಕೊನೆಯ ವರ್ಷ ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸ ಮಾಡುವುದೂ ಪಾಠದ ಭಾಗವೇ.

ದಾರಿಯ ಚಹಾದಂಗಡಿಯಲ್ಲಿ ಸಿಕ್ಕ ಕಾಲೇಜಿನ ಹುಡುಗನೊಬ್ಬನನ್ನು ಓದು ಮುಗಿದ ಮೇಲೇನು ಎಂದು ಕೇಳಿದೆ. ಕೃಷಿ ಅಧಿಕಾರಿಯ ಪರೀಕ್ಷೆ ಕಟ್ಟುತ್ತಾನಂತೆ. ಮನೆಯ ಅಡಿಕೆ ತೋಟ? ಅಪ್ಪ ನೋಡಿಕೊಳ್ಳುತ್ತಾರೆ, ಕಾಳುಮೆಣಸು ಹಬ್ಬಿಸಲು ತಾನು ಹೇಳಿಕೊಟ್ಟಿದ್ದೇನೆ ಎಂದ. ಅಪ್ಪ ಒಪ್ಪಿದರೇ ಎಂದರೆ, ಅರ್ಧ ತೋಟಕ್ಕೆ ಮಾತ್ರ ಎಂದು ನಕ್ಕ.