ಮೇಲ್ವಿಚಾರಣೆಯೆಂಬ ವಿದ್ಯೆ

ನಮ್ಮ ಶಾಲೆಯಲ್ಲಿ ಓದಿ ಹೊರಟ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ಶಾಲೆ, ಆಸ್ಪತ್ರೆ, ಬ್ಯಾಂಕು, ಕಚೇರಿಗಳಲ್ಲಿ ಹತ್ತಾರು ಜನರ ಮೇಲ್ವಿಚಾರಣೆಯನ್ನು ವಹಿಸಿಕೊಂಡಿರುವರು. ತಾನು ಕೆಲಸ ಮಾಡುವುದು ಒಂದು ವಿದ್ಯೆ. ಇತರರಿಂದ ಕೆಲಸವನ್ನು ಮಾಡಿಸುವುದು ಇನ್ನೊಂದು ವಿದ್ಯೆ. ಮೊದಲನೆಯದರಲ್ಲಿ ಜಾಣೆಯರಾದವರು ಎರಡನೆಯದರಲ್ಲಿ ಸೋತು ಕಣ್ಣೀರಿಡುವುದನ್ನು ನಾವು ಕಂಡಿದ್ದೇವೆ. ಆದಕಾರಣ, ಈ ವಿದ್ಯೆಯನ್ನು ಚೆನ್ನಾಗಿ ಬಲ್ಲವಳಾಗಿದ್ದ ಫ್ಲಾರೆನ್ಸ್ ನೈಟಿಂಗೇಲಳ ಕೆಲಸದಿಂದ ನಾಲ್ಕು ಪಾಠಗಳನ್ನು ಇಲ್ಲಿ ಹೇಳಬಯಸುತ್ತೇವೆ. ಕೈದೀಪವನ್ನು ಹಿಡಿದು ರೋಗಿಗಳ ನಡುವೆ ಸುಳಿದಾಡಿದ ಕರುಣಾಳುವೆಂದು ಆಕೆಯನ್ನು ಎಲ್ಲರೂ ಬಲ್ಲರು. ಉಗ್ರಾಣ, ಒಗೆತ, ಲೆಕ್ಕಪತ್ರಗಳನ್ನು ನಡೆಸಿದ ಜಾಣೆಯೆಂದು ಬಲ್ಲವರು ಕೆಲವರೇ.

ಬ್ರಿಟನ್, ಫ್ರಾನ್ಸ್, ತುರ್ಕಿ ದೇಶಗಳು ರಷ್ಯದೊಡನೆ ಹೋರಾಡಿದ ಕ್ರಿಮಿಯ ಯುದ್ಧದಲ್ಲಿ, ೧೮೫೪ನೆಯ ನವೆಂಬರಿನಲ್ಲಿ, ಆಕೆಯು ೩೮ ಮಂದಿ ದಾದಿಯರೊಡನೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದಳು. ಹೆಂಗಸರು ಬಂದುದು ಅಲ್ಲಿನ ವೈದ್ಯರಲ್ಲಿ ಅನೇಕರಿಗೆ ಹಿಡಿಸಲಿಲ್ಲ. ಆಕೆಯು ಜಗಳಕ್ಕೆ ನಿಲ್ಲಲಿಲ್ಲ. ವೈದ್ಯರು ಕೇಳುವವರೆಗೆ ಯಾರೂ ರೋಗಿಗಳ ಬಳಿಗೆ ಹೋಗಕೂಡದೆಂದು ತನ್ನವರಿಗೆ ವಿಧಿಸಿ, ಅಂಗಿ, ದಿಂಬು, ಬಟ್ಟೆಪಟ್ಟಿಗಳನ್ನು ಹೊಲಿಯಲು ಹಚ್ಚಿದಳು. ಕೆಲವೇ ದಿನಗಳಲ್ಲಿ ಇಂಕರ್‌ಮನ್ ಕಾಳಗದ ಗಾಯಾಳುಗಳು ರಾಶಿರಾಶಿಯಾಗಿ ಬಂದರು. ವೈದ್ಯರು ತಾವಾಗಿಯೇ ನೆರವು ಬೇಡಿದರು. ಹೊಸ ಸ್ಥಳದಲ್ಲಿ ಅಧಿಕಾರವನ್ನು ಸಾಧಿಸುವುದಕ್ಕೆ ಮುಂಚೆ ವಿಶ್ವಾಸವನ್ನು ಗಳಿಸಬೇಕೆಂಬುದು ಮೊದಲನೆಯ ಪಾಠ.

ಎರಡನೆಯದು, ಕೀಳೆಂದು ಯಾವ ಕೆಲಸವನ್ನೂ ಕಡೆಗಣಿಸದಿರುವುದು. ರೋಗಿಗಳ ಬಟ್ಟೆಯು ಸರಿಯಾಗಿ ಒಗೆಯಲ್ಪಡದೆ ಹೇನುಗಳಿಂದ ತುಂಬಿದ್ದಿತು. ಆಕೆಯು ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ಅಲ್ಲಿ ನೀರು ಕಾಯಿಸುವ ಹಂಡೆಗಳನ್ನು ಕೂರಿಸಿ, ಸಿಪಾಯಿಗಳ ಹೆಂಡಂದಿರಿಗೆ ಕೂಲಿ ಕೊಟ್ಟು ಒಗೆಸಿದಳು. ನೆಲವನ್ನು ತಿಕ್ಕುವ ಬ್ರಷ್ಷುಗಳನ್ನೂ ತಾನೇ ತರಿಸಿದಳು. ಆಳಾಗಬಲ್ಲವನು ಅರಸಾಗಬಲ್ಲನೆಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಮೂರನೆಯದು ಎಲ್ಲಕ್ಕಿಂತ ಕಠಿನವಾದುದು. ಶುಶ್ರೂಷೆಯನ್ನು ಕುರಿತು ೧೮೫೯ರಲ್ಲಿ ಆಕೆಯು ಬರೆದ ಪುಸ್ತಕದಲ್ಲಿ ಮೇಲ್ವಿಚಾರಣೆಗೆಂದೇ ಒಂದು ಅಧ್ಯಾಯವಿದೆ. ನಾವು ಎದುರಿಗಿರುವಾಗ ನಡೆಯುವ ಕೆಲಸವು ನಾವಿಲ್ಲದಾಗಲೂ ನಡೆಯುವಂತೆ ಏರ್ಪಡಿಸದಿದ್ದರೆ ನಮ್ಮ ಶ್ರಮವೆಲ್ಲ ವ್ಯರ್ಥವೆಂಬುದು ಅದರ ಸಾರ. ತಾನೊಬ್ಬಳು ರಜೆ ಹಾಕಿದರೆ ಇಲಾಖೆಯೇ ನಿಂತುಹೋಗುವುದೆಂದು ಹೆಮ್ಮೆಪಡುವವರುಂಟು. ಅದು ಹೆಮ್ಮೆಯಲ್ಲ, ಕೊರತೆ. ಬೀಗದ ಕೈ ಎಲ್ಲಿದೆ, ಯಾವ ಔಷಧವನ್ನು ಯಾವ ಹೊತ್ತಿಗೆ ಕೊಡಬೇಕು, ಯಾರ ಕೆಲಸ ಯಾರದು ಎಂಬುದನ್ನು ಇನ್ನೊಬ್ಬರಿಗೆ ತಿಳಿಸಿ ಹೋಗುವವಳೇ ನಿಜವಾದ ಮೇಲ್ವಿಚಾರಕಳು.

ನಾಲ್ಕನೆಯದು, ಲೆಕ್ಕಕ್ಕೆ ತಲೆಬಾಗುವುದು. ಆಕೆಯು ಅಷ್ಟು ದುಡಿದರೂ ಆ ಚಳಿಗಾಲದಲ್ಲಿ ಸಾವು ಹೆಚ್ಚುತ್ತಲೇ ಹೋಯಿತು. ೧೮೫೫ನೆಯ ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು ೪೨ ಮಂದಿ ಸತ್ತರು. ಮಾರ್ಚಿಯಲ್ಲಿ ಬ್ರಿಟನ್ನಿನಿಂದ ಬಂದ ನೈರ್ಮಲ್ಯ ಸಮಿತಿಯು ಚರಂಡಿಗಳನ್ನು ತೊಳೆಯಿಸಿ, ಕೊಳೆಯನ್ನು ತೆಗೆಸಿ, ಗಾಳಿಯಾಡುವಂತೆ ಮಾಡಿತು. ಜೂನ್ ಹೊತ್ತಿಗೆ ಆ ಸಂಖ್ಯೆಯು ಸುಮಾರು ೨ಕ್ಕೆ ಇಳಿಯಿತು. ಹಸಿವೂ ಬಳಲಿಕೆಯೂ ಸಾವಿಗೆ ಮುಖ್ಯ ಕಾರಣವೆಂದು ಆಕೆಯು ಮೊದಲು ನಂಬಿದ್ದಳು. ೧೮೫೬ರಲ್ಲಿ ಊರಿಗೆ ಮರಳಿದ ಮೇಲೆ ವಿಲಿಯಂ ಫಾರ್ ಎಂಬ ಅಂಕಿಸಂಖ್ಯಾ ಪಂಡಿತನೊಡನೆ ಲೆಕ್ಕಗಳನ್ನು ಶೋಧಿಸಿದಾಗ, ಆಸ್ಪತ್ರೆಯ ಹೊಲಸೇ ಹೆಚ್ಚು ಜನರನ್ನು ಕೊಂದಿತೆಂದು ತಿಳಿಯಿತು. ತಾನೇ ದುಡಿದ ಮನೆಯ ದೋಷವನ್ನು ಆಕೆಯು ಮುಚ್ಚಿಡಲಿಲ್ಲ. ಚಿತ್ರಗಳನ್ನು ಬರೆದು ಅಧಿಕಾರಿಗಳ ಮುಂದಿಟ್ಟಳು. ತಪ್ಪನ್ನು ಒಪ್ಪಿಕೊಂಡವಳ ಮಾತಿಗೆ ಬೆಲೆ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

೧೮೬೦ರಲ್ಲಿ ಲಂಡನ್ನಿನ ಸೇಂಟ್ ತಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆಯು ಆರಂಭವಾಯಿತು. ಅನಾರೋಗ್ಯದಿಂದ ಆಕೆಯು ಬಹುಕಾಲ ಕೋಣೆಯನ್ನೇ ಬಿಡಲಾರದವಳಾದರೂ, ಅಲ್ಲಿ ಕಲಿತವರು ದೇಶದೇಶಗಳಿಗೆ ಹೋಗಿ ಆ ಕೆಲಸವನ್ನು ನಡೆಸಿದರು. ಮೂರನೆಯ ಪಾಠವನ್ನು ಆಕೆಯು ಹೀಗೆ ಬಾಳಿ ತೋರಿಸಿದಳು.

ತಾಯಿತಂದೆಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮನೆಯ ಯಾವುದಾದರೂ ಒಂದು ಕೆಲಸವನ್ನು, ತಿಂಗಳ ದಿನಸಿಯ ಲೆಕ್ಕವನ್ನೇ ಆಗಲಿ, ಮಗಳ ಕೈಗೆ ಪೂರ್ತಿಯಾಗಿ ಒಪ್ಪಿಸಿರಿ, ನಡುವೆ ಕೈಹಾಕಬೇಡಿರಿ. ತಪ್ಪಿದರೆ ಅವಳೇ ಲೆಕ್ಕ ನೋಡಿ ತಿದ್ದಿಕೊಳ್ಳಲಿ. ನಾಳೆ ಹತ್ತು ಜನರನ್ನು ನಡೆಸಬೇಕಾದವಳಿಗೆ ಇಂದಿನ ಆ ಸಣ್ಣ ಲೆಕ್ಕವೇ ಮೊದಲನೆಯ ಪಾಠಶಾಲೆ.